ಮುಗಿಲರಸನ ಕಿರೀಟ

ತಿಕೋಟೆಯಲ್ಲಿ ದೊಡ್ಡಾಟ ಕಟ್ಟುವವರಿಗೆ ಹಿಂದಿನಿಂದ ಬಂದ ಒಂದು ನೇಮವಿತ್ತು. ರಾಜನ ಪಾತ್ರ ಯಾರಿಗೆಂದು ಗೊತ್ತಾದ ಮೇಲೆ ಬಡಿಗೇರನು ಅರಿಷಿಣ ಹಚ್ಚಿದ ದಾರ ಹಿಡಿದು ಅವನ ತಲೆಯ ಅಳತೆ ತೆಗೆಯುತ್ತಿದ್ದ. ಹಾಲವಾಣದ ಕಟ್ಟಿಗೆಯಲ್ಲಿ ಕಿರೀಟ ಕಡೆದು, ಬೇಗಡೆ ಅಂಟಿಸಿ, ಕನ್ನಡಿ ಚೂರು ಕೂಡಿಸಿ, ಆ ದಾರವನ್ನು ಕಿರೀಟದ ಒಳಗೇ ಇಟ್ಟು ಮೇಣ ಮೆತ್ತುತ್ತಿದ್ದ. ಅಳತೆ ಕೊಟ್ಟವನ ತಲೆಯ ಮೇಲೆಯೇ ಅದು ಮೊದಲು ಏರಬೇಕು. ಅವನು ಇರುವಾಗ ಮತ್ತೊಬ್ಬನಿಗೆ ಇಟ್ಟರೆ, ಬದುಕಿದ್ದವನನ್ನು ಮಣ್ಣು ಮಾಡಿದ ಹಾಗೆ. ಮೂರು ಸುಗ್ಗಿ ದಾಟಿದರೂ ಯಾರ ತಲೆಗೂ ಏರದ ಕಿರೀಟವನ್ನು ಸಾರವಾಡದ ಹತ್ತಿರ ಡೋಣಿ ಹೊಳೆಗೆ ಬಿಟ್ಟುಬರಬೇಕು.

ಬಸಗೊಂಡಪ್ಪನ ಮನೆಯ ಗೋಡೆಯ ಮಾಡದಲ್ಲಿ ಅಂಥದೊಂದು ಕಿರೀಟವಿತ್ತು. ಅದು ಅವನ ಮಗ ಶಿವಶರಣಪ್ಪನ ಅಳತೆಯದು. ಬಸಗೊಂಡಪ್ಪನ ಹೆಂಡತಿ ಗುರುಬಾಯಿ ಅದನ್ನು ತನ್ನ ಹಳೆಯ ಇಲಕಲ್ ಸೀರೆಯಲ್ಲಿ ಸುತ್ತಿಟ್ಟಿದ್ದಳು. ಸೋಮವಾರಕ್ಕೊಮ್ಮೆ ಬಿಚ್ಚಿ, ಕನ್ನಡಿ ಒರೆಸಿ, ಮತ್ತೆ ಸುತ್ತುವಳು. ಸಂಜೆಯಾದರೆ ಹೊಸ್ತಿಲ ಹೊರಗೆ ಒಂದು ತಂಬಿಗೆ ನೀರು ಇಡುವಳು. ದೂರದಿಂದ ಬಂದವನು ಕಾಲು ತೊಳೆಯದೆ ಒಳಗೆ ಬರಬಾರದಲ್ಲ.

ಆಟವನ್ನು ಕಟ್ಟಿದವನೂ ಶಿವಶರಣಪ್ಪನೇ. ಅಪ್ಪ ಇಪ್ಪತ್ತು ವರ್ಷ ರಾಜನ ಪಾತ್ರ ಮಾಡಿದವನು. ಮಗನಿಗೆ ಹಿಂದಿನ ರಾಜರು ಬೇಡವಾದರು. ಒಮ್ಮೆ ಇಬ್ಬರೂ ಜೋಳದ ಬಂಡಿ ಹೊಡೆದುಕೊಂಡು ವಿಜಾಪುರಕ್ಕೆ ಹೋದಾಗ ಗೋಳಗುಮ್ಮಟ ಹತ್ತಿದ್ದರು. ಅಪ್ಪ ಈ ಕಡೆ ನಿಂತ, ಮಗ ಆ ಕಡೆ ಹೋಗಿ ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದ. ಅಷ್ಟು ದೂರದ ಮಾತು ಬಸಗೊಂಡಪ್ಪನ ಕಿವಿಯ ಬುಡದಲ್ಲೇ ಕೇಳಿಸಿತು.

"ಯಪ್ಪಾ, ಹಸಿವ್ಯಾಗೇತಿ. ಬುತ್ತಿ ಬಿಚ್ಚೂಣೇನು?"

ಬುತ್ತಿ ಬಿಚ್ಚಿ ರೊಟ್ಟಿ ಮುರಿಯುವಾಗ ಮಗ ಹೇಳಿದ್ದು ಆ ಕತೆ. ಇನ್ನು ಸಾವಿರ ವರ್ಷಕ್ಕೆ ನೆಲವೆಲ್ಲ ಕಾದು ಹಂಚಾಗಿ, ರಾಜ್ಯಗಳೆಲ್ಲ ಮುಗಿಲಿಗೆ ಏರುತ್ತವೆ. ಅಲ್ಲಿ ಎತ್ತಿಲ್ಲದ ಬಂಡಿ, ತಂತಿಯಿಲ್ಲದ ತಾರು, ಕಬ್ಬಿಣದ ಆಳುಗಳು. ಸಾವಿರ ವರ್ಷ ಕಳೆದರೂ ದೇಸಾಯಿ ಮಾತ್ರ ದೇಸಾಯಿಯೇ. ಇಲ್ಲಿ ಊರು ಉಂಬಳಿ ಇದ್ದ ಹಾಗೆ ಅಲ್ಲಿ ಮೋಡ ಉಂಬಳಿ. ಅವರೆಲ್ಲರ ಮೇಲೆ ಒಬ್ಬ ಮುಗಿಲರಸ.

ಅವನು ಅರಮನೆಯಲ್ಲಿ ಹುಟ್ಟಿದವನಲ್ಲ. ಕಬ್ಬಿಣದ ಆಳುಗಳು ಊರೂರಿಗೆ ಇಳಿದು, ಹುಡುಗರ ತಲೆಗೆ ದಾರ ಹಿಡಿದು ನೋಡುತ್ತಾರೆ. ಕಿರೀಟದ ಅಳತೆಗೆ ಯಾರ ತಲೆ ಕೂಡುತ್ತದೆಯೋ ಅವನೇ ಅರಸ. ಒಬ್ಬ ಒಣಬೇಸಾಯದ ರೈತನ ಮಗ, ಹಾಲುಹಲ್ಲು ಉದುರುವ ವಯಸ್ಸಿನವನು, ಅಳತೆಗೆ ಕೂಡಿದ. ಅವ್ವನ ಸೆರಗು ಹಿಡಿದವನನ್ನು ಬಿಡಿಸಿ ಮೇಲೆ ಒಯ್ದರು. ಕಿರೀಟ ತಲೆಯ ಮೇಲಿರುವ ತನಕ ಅವನ ಕಾಲು ನೆಲಕ್ಕೆ ತಾಗಬಾರದು. ಮತ್ತೊಬ್ಬರು ಒಪ್ಪಿ ಹೊತ್ತರೆ ಮಾತ್ರ ಅದು ಇಳಿದೀತು.

ಅವನು ಆಳಿದ. ದೇಸಾಯರಿಗೆ ಮೋಡ ಹಂಚಿದ, ಮಳೆಯ ಕಂದಾಯ ಎತ್ತಿದ. ತಿರುಗಿಬಿದ್ದವರ ಮೇಲೆ ಸಿಡಿಲು ಹೊಡೆಸಿ ಗೆದ್ದ. ಗೆದ್ದ ದಿನ, "ಕೆಳಗ ಸುಟ್ಟಿದ್ದು ಯಾರ ಊರು?" ಎಂದು ಕೇಳಿದ. ಅವನ ಆಸ್ಥಾನ ಗೋಳಗುಮ್ಮಟಕ್ಕಿಂತ ದೊಡ್ಡ ಗುಮ್ಮಟ. ಆಡಿದ ಮಾತು ಏಳು ಸಲ ತಿರುಗಿ ಬರುವಲ್ಲಿ ಖರೆ ಹೇಳುವ ಧೈರ್ಯ ಯಾರಿಗಿದ್ದೀತು? ಹೀಗೆ ತನ್ನ ಧ್ವನಿಯನ್ನೇ ಕೇಳುತ್ತ ಅವನು ಮುದುಕನಾದ. ಕದ್ದು ಮಾಡಿದ್ದು ಒಂದೇ. ವರ್ಷಕ್ಕೊಮ್ಮೆ ಯಾರ ಉಂಬಳಿಗೂ ಸೇರದ ಒಂದು ಹಿಡಿ ಮೋಡವನ್ನು ಅವ್ವನ ಅಂಗಳದ ಮೇಲೆ ಊದಿಬಿಡುತ್ತಿದ್ದ. ದೇಸಾಯರು ಅದನ್ನೂ ಕಂಡುಹಿಡಿದು ದೂರು ತಂದರು. ತನ್ನ ಆಸ್ಥಾನದಲ್ಲಿ ತಾನೇ ಅಪರಾಧಿಯಾಗಿ ನಿಂತ. ನೆಲ ಕಾಣುವ ಕಿಟಕಿಯನ್ನು ಮುಚ್ಚಿಬಿಡಬೇಕೆಂದು ತೀರ್ಪಾಯಿತು.

"ಮುಂದ?" ಎಂದು ಬಸಗೊಂಡಪ್ಪ ಕೇಳಿದ್ದ. ರೊಟ್ಟಿ ಕೈಯಲ್ಲೇ ಇತ್ತು.

"ಮುಂದಿಂದು ನನಗೂ ತಿಳಿದಿಲ್ಲೋ ಯಪ್ಪಾ. ಕಟ್ಟೂಣು ತಡಿ."

ಆ ಕೊನೆ ಕಟ್ಟುವುದು ಉಳಿದುಹೋಯಿತು. ಕಿರೀಟ ಕಡೆದಾದ ಮೇಲೆ, ಅರಸನ ಅಂಗಿಗೆ ಮುಂಬಯಿಯ ಬೇಗಡೆಯೇ ಬೇಕೆಂದು ಹುಡುಗ ಹಟ ಹಿಡಿದ. ಒಂದು ಸುಗ್ಗಿಯ ತನಕ ಹಡಗು ನಿಲ್ಲುವ ಗೋದಿಯಲ್ಲಿ ಮೂಟೆ ಹೊತ್ತು, ಬೇಗಡೆ ತಗೊಂಡು ಬರುತ್ತೇನೆಂದು ಹೊರಟ. ನಲವತ್ತೆರಡನೆಯ ಇಸವಿ ಅದು. ಹೊಸ್ತಿಲಲ್ಲಿ ಗುರುಬಾಯಿ ಅವನ ತಲೆ ನೇವರಿಸಿ, "ಕೂದಲಾ ಕಡಿಸಬ್ಯಾಡೋ, ಅಳತಿ ತಪ್ಪತೈತಿ" ಎಂದಳು. ದಟ್ಟಗೂದಲಿನ ಹುಡುಗ ಅವನು. ನಗುತ್ತ ಹೋದ.

ಮುಂದೆ ಎರಡು ವರ್ಷಕ್ಕೆ, ಬೇಸಿಗೆಯಲ್ಲಿ, ಬಸಗೊಂಡಪ್ಪ ಎತ್ತು ನೋಡಲು ಬಬಲೇಶ್ವರದ ಸಂತೆಗೆ ಹೋಗಿದ್ದ. ಬೇವಿನ ಗಿಡದ ಕೆಳಗೆ ಆ ಊರಿನ ಕಾಸಿಮಸಾಬ ಕೂತಿದ್ದ. ಶಿವಶರಣಪ್ಪನ ಜೊತೆಗೇ ಮುಂಬಯಿಗೆ ಹೋದವನು. ಅವನ ಒಂದು ಕಿವಿ ಸುಟ್ಟು ಮುದುಡಿತ್ತು. ಬಸಗೊಂಡಪ್ಪನನ್ನು ಕಂಡವನೇ ಎದ್ದು ನಿಂತ, ಮತ್ತೆ ಕೂತುಬಿಟ್ಟ.

"ಕಾಕಾ, ನಾನs ತಿಕೋಟಿಗೆ ಬರಾಂವ ಇದ್ದೆ. ಕಾಲ ಬರಲಿಲ್ರಿ."

"ಯಾಕೋ? ನಮ್ಮ ಹುಡುಗ ಎಲ್ಲದಾನ?"

"ಗೋದಿಯೊಳಗ ಹಡಗ ಸಿಡೀತು ಕಾಕಾ. ಮದ್ದುಗುಂಡಿನ ಹಡಗ. ನಾ ಚಾ ಕುಡಿಯಾಕಂತ ಹೊರಗ ಬಂದಿದ್ದೆ, ಅಂವ ಒಳಗಿದ್ದ. ಮುಗಿಲಿಗೆ ಮುಗಿಲs ಹೊತ್ತಿ ಉರೀತು. ಮ್ಯಾಲಿಂದ ಕಬ್ಬಿಣ ಬಿತ್ತು, ಕಟ್ಟಿಗಿ ಬಿತ್ತು. ಅವಂದು ಏನೂ ಸಿಗಲಿಲ್ರಿ. ಮಣ್ಣ ಮಾಡಾಕೂ ಏನೂ ಸಿಗಲಿಲ್ಲ."

ಬಸಗೊಂಡಪ್ಪ ಅಳಲಿಲ್ಲ. ಎದುರಿಗೆ ಕಟ್ಟಿದ್ದ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡಿದ, ಕೊಳ್ಳುವವನ ಹಾಗೆ. ಆಮೇಲೆ ಊರ ದಾರಿ ಬಿಟ್ಟು ವಿಜಾಪುರದ ದಾರಿ ಹಿಡಿದ. ಗುಮ್ಮಟ ಹತ್ತಿ, ಮಗ ನಿಂತಿದ್ದ ಜಾಗಕ್ಕೆ ಎದುರಾಗಿ ನಿಂತು, ಗೋಡೆಗೆ ಕಿವಿ ಹಚ್ಚಿದ. ಕಲ್ಲು ತಣ್ಣಗಿತ್ತು. ತಡೆಯಲಾರದೆ "ಶರಣಪ್ಪಾ" ಎಂದು ಕೂಗಿದ. ಆ ಹೆಸರು ಸುತ್ತಿ ಸುತ್ತಿ ಅವನ ಕಡೆಗೇ ತಿರುಗಿ ಬರತೊಡಗಿತು. ಕಿವಿ ಮುಚ್ಚಿಕೊಂಡು ಕೆಳಗಿಳಿದ.

ಮನೆಗೆ ಬಂದಾಗ ಹೊಸ್ತಿಲ ಹೊರಗೆ ತಂಬಿಗೆ ಇತ್ತು.

"ಎತ್ತ ಸಿಗಲಿಲ್ಲೇನ್ರಿ?" ಎಂದಳು ಗುರುಬಾಯಿ.

"ಹಲ್ಲ ಸರಿ ಇರಲಿಲ್ಲ" ಎಂದ.

ಆ ದಿನ ಹೇಳಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡ. ಮಾತು ಒಂದು ದಿನ ತಡೆದರೆ ಮರುದಿನಕ್ಕೆ ಭಾರವಾಗುತ್ತದೆ, ತಿಂಗಳು ತಡೆದರೆ ಎತ್ತಲಿಕ್ಕೇ ಆಗುವುದಿಲ್ಲ. ಅವಳು ಸೋಮವಾರ ಸೋಮವಾರ ಕಿರೀಟ ಒರೆಸುವುದನ್ನು ನೋಡುತ್ತ, ಸಂಜೆ ಸಂಜೆ ಆ ತಂಬಿಗೆಯನ್ನು ದಾಟುತ್ತ ಒಂದು ವರ್ಷ ಕಳೆದ. ಆಟದ ಮಾತು ಬಂದಾಗಲೆಲ್ಲ ಮಂಡಿನೋವು ಎಂದ, ಮಳೆ ಬರಲಿ ಎಂದ.

ಮೂರನೆಯ ಸುಗ್ಗಿ ಮುಗಿಯಿತು. ಆಟದ ಗುರು ಗುರುಪಾದಯ್ಯ ಮನೆಗೆ ಬಂದು ಕಟ್ಟೆಯ ಮೇಲೆ ಕೂತ. ಅವನ ಹಿಂದೆ ಜಿಲಾನಿ. ಅವನು ಊರಿನ ಪಿಂಜಾರ. ಹೆಣ್ಣುಪಾತ್ರಕ್ಕೆ ಎತ್ತಿದ ಕೈ. ಈ ಆಟದಲ್ಲಿ ಅರಸನ ಅವ್ವ ಅವನೇ.

"ನಾ ಅವ್ವಾಗಿ ಮೂರ ವರ್ಷಾತು, ಮೀಸಿ ಬೆಳ್ಳಗಾಗಾಕತ್ತಾವು" ಎಂದ ಜಿಲಾನಿ. "ಇನ್ನೂ ತಡಾ ಮಾಡಿದ್ರ ನನ್ನ ಅರಸನ ಅಜ್ಜಿ ಮಾಡಬೇಕಾಗತೈತಿ ನೋಡ್ರಿ."

ಗುರುಬಾಯಿ ಬಾಗಿಲಲ್ಲಿ ನಿಂತು ನಕ್ಕಳು. "ನಿನ್ನ ಮೀಸಿ ಬೋಳಿಸಿದ್ರ ಆತು ಬಿಡೋ. ನನ್ನ ಮಗ ಬರ್ಲಿ."

ಗುರುಪಾದಯ್ಯ ನಗಲಿಲ್ಲ. "ಬಸಗೊಂಡಪ್ಪಾ, ಕಾರಹುಣ್ಣಿವಿ ಒಳಗ ಕಿರೀಟ ಏರಬೇಕು, ಇಲ್ಲಾ ಡೋಣಿಗೆ ಹೋಗಬೇಕು. ನೇಮ ನಾ ಮಾಡಿದ್ದಲ್ಲಪ್ಪಾ. ಹುಡುಗಂದು ಏನರ ಸುದ್ದಿ ಐತೇನು?"

ಬಸಗೊಂಡಪ್ಪ ನೆಲ ನೋಡಿದ. ಇಬ್ಬರೂ ಎದ್ದು ಹೋದ ಮೇಲೆ ಒಳಗೆ ಹೋಗಿ, ರೊಟ್ಟಿ ಬಡಿಯುತ್ತಿದ್ದ ಹೆಂಡತಿಯ ಎದುರಿಗೆ ಕೂತ.

"ಗುರುಬಾಯಿ, ನಮ್ಮ ಶರಣ ಇಲ್ಲ."

"ಮುಂಬಯಾಗ ಅದಾನಲ್ರಿ."

"ಎಲ್ಲೂ ಇಲ್ಲ. ಹೋದ ವರ್ಷ ಗೋದಿ ಸುಟ್ಟಾಗ ಹೋದ. ಬಬಲೇಶ್ವರದ ಕಾಸಿಮ ಹೇಳ್ಯಾನ."

ಹಂಚಿನ ಮೇಲಿನ ರೊಟ್ಟಿ ಕರಿದಾಯಿತು. ಅವಳು ತೆಗೆಯಲಿಲ್ಲ.

"ಹೋದ ವರ್ಷ?" ಎಂದಳು. "ವರ್ಷಾನಗಟ್ಟಲೆ ನನ್ನ ಕೈಯಾಗ ರೊಟ್ಟಿ ಉಂಡ್ರಿ. ದಿನಾ ನಾ ನೀರ ಇಡೂದ ನೋಡಿದ್ರಿ. ಹೆಣಾ ಇಲ್ಲ, ಮಣ್ಣ ಇಲ್ಲ, ಅಳೂದರ ನನಗ ಬಿಡಬೇಕಿತ್ತಲ್ರಿ. ಅದನ್ನೂ ನೀವs ಇಟ್ಟಕೊಂಡ್ರ್ಯಾ?"

ಬಸಗೊಂಡಪ್ಪ ಕರಿದಾದ ರೊಟ್ಟಿಯನ್ನು ಹಂಚಿನಿಂದ ಇಳಿಸಿದ. ಅವಳ ಕಷ್ಟ ತಪ್ಪಿಸಿದೆ ಎಂದುಕೊಂಡಿದ್ದ. ಅವಳ ಪಾಲಿನ ದುಃಖವನ್ನು ಕದ್ದಿದ್ದೆ ಎಂದು ಆಗ ತಿಳಿಯಿತು.

ಆ ಸಂಜೆ ಹೊಸ್ತಿಲ ಹೊರಗೆ ತಂಬಿಗೆ ಇರಲಿಲ್ಲ. ಗುರುಬಾಯಿ ಅವನಿಗೆ ಹೊತ್ತಿಗೆ ಸರಿಯಾಗಿ ಉಣ್ಣಲು ಇಟ್ಟಳು, ಮಾತಾಡಲಿಲ್ಲ. ಓಣಿಯ ಹೆಂಗಸರು ಬಂದು ಅತ್ತು ಹೋದರು. ಅವಳು ಅವರ ನಡುವೆ ಕಲ್ಲಿನ ಹಾಗೆ ಕೂತಳು. ಮಾಡದ ಕಡೆಗೆ ಹೋಗಲೇ ಇಲ್ಲ. ಬಸಗೊಂಡಪ್ಪ ಕಿರೀಟವನ್ನು ಹೊಳೆಗೆ ಬಿಡುವುದೆಂದು ನಿಶ್ಚಯಿಸಿ, ಒಂದು ಮುಂಜಾನೆ ಬಂಡಿ ಹೂಡಿದ. ಸೀರೆಯ ಗಂಟಿಗೆ ಕೈ ಹಾಕಿದಾಗ ಹಿಂದಿನಿಂದ ಅವಳ ಮಾತು ಬಂತು. ಎಷ್ಟೋ ದಿನದ ಮೇಲಿನ ಮೊದಲ ಮಾತು.

"ಆ ಅರಸ ನೆಲಕ್ಕ ಹ್ಯಾಂಗ ಇಳೀತಾನಂತ ಹೇಳಿದ್ದ ಅಂವ?"

ಬಸಗೊಂಡಪ್ಪ ತಿರುಗಿದ. "ಮತ್ತೊಬ್ಬರು ಒಪ್ಪಿ ಕಿರೀಟ ಹೊತ್ರ."

"ಮತ್ಯಾಕ ಹೊಳಿಗೆ ಒಯ್ಯಾಕತ್ತೀರಿ? ನೀರಾಗ ಹಾಕಿದ್ರ ಅಂವ ಮ್ಯಾಲs ಉಳೀತಾನ. ನೀವು ಅವನ ಅಪ್ಪ ಅದೀರಿ. ನೀವ ಹೊರ್ರಿ."

"ನಾ ಹೊತ್ರ ಅಂವ ಇಲ್ಲಂತ ಊರ ಮುಂದ ನಾನs ಸಾರಿದಂಗ, ಗುರುಬಾಯಿ."

"ಸಾರ್ರಿ" ಎಂದಳು. "ಅಂವ ಇಳೀಲಿ."

ಆಟಕ್ಕೆ ಕೊನೆ ಸಿಕ್ಕಿದ್ದು ಹೀಗೆ. ಅರಸನ ಪಾತ್ರವನ್ನು ಬಸಗೊಂಡಪ್ಪ ಬರಿತಲೆಯಲ್ಲೇ ಮಾಡುವುದು. ಕಿರೀಟವನ್ನು ಸಿಂಹಾಸನದ ಮೇಲೆ ಇಟ್ಟಿರುವುದು. ಕೊನೆಗೆ ಅದೇ ಬಸಗೊಂಡಪ್ಪ ಕಂಬಳಿ ಹೊದ್ದು ಅರಸನ ಅಪ್ಪನಾಗಿ ಬರುವುದು. ಗುರುಪಾದಯ್ಯ ಕೇಳಿ, "ಆಗಲಿ" ಎಂದ. ಕಾರಹುಣ್ಣಿಮೆಗೆ ಮೊದಲು ಬಸವಣ್ಣನ ಗುಡಿಯ ಮುಂದೆ ಆಟಕ್ಕೆ ಅಟ್ಟ ಹಾಕಿದರು.

ಆಟ ಶುರುವಾಯಿತು. ಸಾರಥಿಯಾಗಿ ನಿಂತ ಗುರುಪಾದಯ್ಯ ವಾಡಿಕೆಯಂತೆ ಕೇಳಿದ, "ಬಂದಂಥ ದೊರೆಗಳು ತಾವು ದಾರು, ತಮ್ಮ ರಾಜ್ಯ ಯಾವುದು?"

"ಭಲಾ ಸಾರಥಿ! ಇನ್ನೂ ಹುಟ್ಟದ ಕಾಲದ ಅರಸ ನಾನು. ಮೋಡ ನನ್ನ ರಾಜ್ಯ, ಸಿಡಿಲು ನನ್ನ ಸೈನ್ಯ. ನಿಲ್ಲಲಿಕ್ಕೆ ಒಂದು ಗೇಣು ನೆಲ ನನಗಿಲ್ಲ!"

ಮೋಡ ಉಂಬಳಿ ಕೊಟ್ಟಾಗ ನಕ್ಕ ಜನ, ಕಿಟಕಿ ಮುಚ್ಚಿದಾಗ ಸೆರಗಿನಿಂದ, ಪಟಗದ ತುದಿಯಿಂದ ಕಣ್ಣೊರೆಸಿಕೊಂಡರು. ಇದು ಯಾರ ಕತೆಯೆಂದು ಊರಿಗೆಲ್ಲ ಗೊತ್ತಿತ್ತು.

ಮೂಡಲು ಬೆಳ್ಳಗಾಗುವ ಹೊತ್ತಿಗೆ ಅರಸನ ಅಪ್ಪ ಕಂಬಳಿ ಹೊದ್ದು ಮುಗಿಲು ಹತ್ತಿದ. ಬಸಗೊಂಡಪ್ಪ ಸಿಂಹಾಸನದ ಮುಂದೆ ಮೊಣಕಾಲೂರಿದ. ಕಿರೀಟಕ್ಕೆ ಕೈ ಹಚ್ಚಿದ, ಎತ್ತಲಿಲ್ಲ. ಆಗ ಹೆಂಗಸರ ಕಡೆಯಿಂದ ಗುರುಬಾಯಿ ಎದ್ದು ಬಂದು ಅಟ್ಟ ಹತ್ತಿದಳು. ಯಾರೂ ತಡೆಯಲಿಲ್ಲ. ತಾನೇ ಎತ್ತಿ ಅವನ ತಲೆಯ ಮೇಲೆ ಇಟ್ಟಳು. ಮಗನ ದಟ್ಟಗೂದಲಿನ ಮೇಲೆ ತೆಗೆದ ಅಳತೆ, ಅಪ್ಪನ ಬೋಳುತಲೆಗೆ ಎಳೆಯಷ್ಟೂ ತಪ್ಪದೆ ಕೂತಿತು. ಅವಳು ಹಣೆಯ ಹತ್ತಿರ ಕೈಯಾಡಿಸಿ ನೋಡಿ, ಇಳಿದು ಹೋದಳು.

ಇನ್ನು ಅರಸ ನೆಲಕ್ಕೆ ಇಳಿಯಬೇಕು. ಅರಸನಾಗಿದ್ದವನೇ ಈಗ ಅಪ್ಪನಾಗಿದ್ದರಿಂದ ಅವನ ಪಾತ್ರಕ್ಕೆ ಯಾರೂ ಇರಲಿಲ್ಲ. ಅಟ್ಟದ ಕೆಳಗೆ ಅವ್ವನ ವೇಷದ ಜಿಲಾನಿ ಬಾಗಿಲು ತೆಗೆಯುವಂತೆ ಮಾಡಿ, "ಯಾರಪ್ಪಾ ಬಂದಾವ್ರು?" ಎನ್ನಬೇಕಿತ್ತು. "ಯಾರಪ್ಪಾ" ಎಂದು ಅಷ್ಟಕ್ಕೇ ನಿಲ್ಲಿಸಿದ. ಮಾತಿನ ಮಲ್ಲ ಅವನು, ಮುಖ ಮುಚ್ಚಿಕೊಂಡು ನಿಂತುಬಿಟ್ಟ.

ಗುರುಬಾಯಿ ಮನೆಯಿಂದ ತಂಬಿಗೆ ತಂದಿದ್ದಳು. ಜಿಲಾನಿಯ ಪಕ್ಕಕ್ಕೆ ಹೋಗಿ, ಬರಿಯ ನೆಲದ ಮುಂದೆ ಬಾಗಿದಳು. ಕಾಲಿನ ಮೇಲೆ ಹಾಕುವ ಹಾಗೆ ನಿಧಾನಕ್ಕೆ ನೀರು ಹಾಕಿದಳು, ಮೊದಲು ಒಂದಕ್ಕೆ, ಆಮೇಲೆ ಇನ್ನೊಂದಕ್ಕೆ. ಒಣಮಣ್ಣು ಹಾಕಿದ್ದನ್ನೆಲ್ಲ ಕುಡಿಯಿತು.

"ಬಾ ನನ್ನಪ್ಪಾ" ಎಂದಳು. "ಹಸದಿರಬೇಕು."

ಅಲ್ಲಿಯ ತನಕ ಅಳದವಳು ಆಗ ಅತ್ತಳು.

ಅಟ್ಟದ ಮೇಲೆ ಬಸಗೊಂಡಪ್ಪನ ಕಾಲು ಇಳಿಯಲು ತುಡಿಯಿತು. ಕಿರೀಟ ಹೊತ್ತವನು ಆಟ ಮುಗಿದು ಮಂಗಳ ಹಾಡುವ ತನಕ ನೆಲ ಮುಟ್ಟುವಂತಿಲ್ಲ. ಹಿಮ್ಮೇಳದವರು ತಾಳ ಕೈಯಲ್ಲಿ ಹಿಡಿದು ಕೂತಿದ್ದರು, ಯಾರಿಗೂ ಹಾಡು ಎತ್ತಲಾಗಲಿಲ್ಲ. ಬಿಸಿಲು ಬಂದು ಕನ್ನಡಿ ಚೂರುಗಳ ಮೇಲೆ ಬಿತ್ತು. ಅವನು ಮೇಲೆ ನಿಂತೇ ಇದ್ದ, ಕೆಳಗೆ ಅವಳ ಮುಂದಿನ ಹಸಿಮಣ್ಣು ಒಣಗುವುದನ್ನು ನೋಡುತ್ತ.