ಸಂದರ್ಶಕರ ಪುಸ್ತಕದ ಹದಿನಾಲ್ಕು ಸಾಲು

ಡೆಲ್ಫೀನ್‌ಳ ಸಂಬಳ ಸಾಲದು ಎಂದು ಹೇಳದವರೇ ಇರಲಿಲ್ಲ. ಬ್ಯಾಂಕಿನವರು ಹೇಳಿದ್ದರು, ಬಾಡಿಗೆ ಮನೆಯ ಯಜಮಾನ ಹೇಳಿದ್ದ, ಬಿಟ್ಟುಹೋದ ಗಂಡನೂ ಹೋಗುವಾಗ ಅದನ್ನೇ ಹೇಳಿದ್ದ. ನಲವತ್ತೊಂದನೆಯ ವಯಸ್ಸಿನಲ್ಲಿ ಅವಳಿಗೆ ಮೊದಲ ಸಲ ಸಂಬಳ ಹೆಚ್ಚಾಗಿಬಿಟ್ಟೀತು ಎಂಬ ಭಯ ಹುಟ್ಟಿತ್ತು. ಇಂಥ ಭಯವನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ನಗುತ್ತಾರೆ.

ಮೊದಲ ಮನೆ ಕೊಳ್ಳುವವರಿಗೆ ಅಮೆರಿಕದ ಟೊಲೆಡೊ ನಗರದಲ್ಲಿ ಹತ್ತು ಸಾವಿರ ಡಾಲರ್ ಸಹಾಯಧನವಿತ್ತು. ಮುಂಗಡವೂ ಕಾಗದಪತ್ರದ ಖರ್ಚೂ ಅದರಲ್ಲೇ ಕಳೆಯುತ್ತಿತ್ತು. ಅದಿಲ್ಲದಿದ್ದರೆ ಮನೆಯೂ ಇಲ್ಲ. ಡೆಲ್ಫೀನ್ ಅದಕ್ಕಾಗಿ ಮನೆ ಕೊಳ್ಳುವವರಿಗೆಂದು ನಡೆಸುವ ಎಂಟು ತಾಸಿನ ತರಗತಿಯಲ್ಲಿ ತೂಕಡಿಸದೆ ಕೂತು ಪ್ರಮಾಣಪತ್ರ ತಂದಿದ್ದಳು. ಕೈಯಿಂದ ಹಾಕಬೇಕಾದ ಸಾವಿರ ಡಾಲರ್ ಕೂಡಿಸಲು, ತಾನು ಆರೈಕೆಯ ಕೆಲಸಕ್ಕಿದ್ದ ವೃದ್ಧಾಶ್ರಮದಲ್ಲಿ ಕ್ರಿಸ್‌ಮಸ್ ದಿನವೂ ಒಂದೂವರೆ ಪಟ್ಟು ಕೂಲಿಗೆ ದುಡಿದಿದ್ದಳು. ಎಡವಟ್ಟಾದದ್ದು ಅಲ್ಲೇ. ಸಹಾಯಧನ ಪಡೆಯುವವರ ಆದಾಯಕ್ಕೊಂದು ಮಿತಿಯಿತ್ತು; ಅವಳ ವರ್ಷದ ಆದಾಯ ಅದರ ಅಂಚಿಗೆ ಬಂದು ನಿಂತಿತ್ತು. ಇನ್ನು ಅರವತ್ತೊಂದು ಡಾಲರಿಗಿಂತ ಹೆಚ್ಚು ದುಡಿದರೆ ಸಹಾಯಧನ ಕೈತಪ್ಪುತ್ತಿತ್ತು.

“ಶುಕ್ರವಾರ ಸಹಿ ಆಗೋವರೆಗೂ ಒಂದು ಗಂಟೆನೂ ಜಾಸ್ತಿ ಕೆಲಸ ಮಾಡ್ಬೇಡಿ ಮೇಡಂ,” ಎಂದಿದ್ದರು ಸಹಾಯಧನ ಕಚೇರಿಯ ಹ್ಯಾಲೊರನ್. “ಅವತ್ತು ಬೆಳಿಗ್ಗೆ ನಿಮ್ಮ ಹಾಜರಿ ಇನ್ನೊಂದ್ಸಲ ತರಿಸಿ ನೋಡ್ತೀವಿ.”

ಗುರುವಾರ ಮಧ್ಯಾಹ್ನ ಮೂರಕ್ಕೆ ಡೆಲ್ಫೀನ್‌ಳ ಪಾಳಿ ಮುಗಿಯಿತು. ಮುಂದಿನ ಪಾಳಿಯವಳ ಕಾರು ಹಿಮದಲ್ಲಿ ಹೂತುಹೋಗಿತ್ತು. ಅವಳು ಬರುವುದು ಏಳಕ್ಕೆ. ಆ ಸಾಲಿನ ಕೋಣೆಗಳಲ್ಲಿ ಹದಿನಾಲ್ಕು ಮಂದಿ ಮುದುಕರು. ನೋಡಿಕೊಳ್ಳಲು ಉಳಿದವಳು ಮೇಲ್ವಿಚಾರಕಿ ಮಾರ್ಸೆಲ್ಲಾ ಒಬ್ಬಳೇ. ಇನ್ನು ನಾಲ್ಕು ತಾಸು ನಿಲ್ಲು ಎಂದು ಅವಳು ಕೇಳಿಕೊಂಡಳು.

“ನಿಂತ್ರೆ ನೂರೆಂಟು ಡಾಲರ್. ನನ್ನ ಮನೆ ಹೋಯ್ತು ಕಣೆ,” ಎಂದಳು ಡೆಲ್ಫೀನ್. “ಹಾಜರಿ ಹಾಕ್ಬೇಡ. ಪುಕ್ಕಟೆ ಮಾಡ್ತೀನಿ.”

“ಪುಕ್ಕಟೆ ಕೆಲಸ ಮಾಡಿಸ್ಕೊಂಡೆ ಅಂತ ಗೊತ್ತಾದ್ರೆ ನನ್ನ ಕೆಲಸನೇ ಹೋಗುತ್ತೆ. ನೀನು ಹೋಗು. ಹೆಂಗೋ ನಿಭಾಯಿಸ್ತೀನಿ.”

ಡೆಲ್ಫೀನ್ ಹಿಂಬಾಗಿಲಿಂದ ಹೊರಬಿದ್ದಳು. ಬಸ್ ನಿಲ್ದಾಣದವರೆಗೂ ಹೋದಳು. ಸೊಂಟ ಬಿದ್ದುಹೋಗುವಂತಿತ್ತು. ಬಸ್ಸೂ ಬಂತು. ಹತ್ತದೆ ನಿಂತ ತನ್ನನ್ನೇ ಶಪಿಸಿಕೊಂಡು ವಾಪಸು ನಡೆದು, ಈ ಸಲ ಮುಂಬಾಗಿಲಿಂದ ಒಳಬಂದಳು. ಅಲ್ಲಿ ಸಂದರ್ಶಕರ ಪುಸ್ತಕವಿತ್ತು: ಹೆಸರು, ವಿಳಾಸ, ಯಾರನ್ನು ನೋಡಲು. ಡೆಲ್ಫೀನ್ ರಕ್ಕರ್ ಎಂದು ಒಂದರ ಕೆಳಗೊಂದು ಹದಿನಾಲ್ಕು ಸಾಲು ಬರೆದಳು. ಪ್ರತಿ ಸಾಲಿನಲ್ಲೂ ಬಾಡಿಗೆ ಮನೆಯ ವಿಳಾಸ, ಬೇರೆ ಬೇರೆ ಕೋಣೆಯವರ ಹೆಸರು. ಮಾರ್ಸೆಲ್ಲಾ ಅದನ್ನು ಓದಿ ನೋಡಿ ಒಳಬಾಗಿಲು ತೆರೆದು ಹಿಡಿದಳು.

ಸಂದರ್ಶಕರು ಮಾಡುವಂತಿಲ್ಲದ ಕೆಲಸ, ಎತ್ತುವುದು, ತೊಳೆಯುವುದು, ಮಾತ್ರೆ ಎಲ್ಲ ಮಾರ್ಸೆಲ್ಲಾಳ ಪಾಲಿಗೆ ಬಿತ್ತು. ಡೆಲ್ಫೀನ್ ನೆಂಟಳಂತೆ ಕೋಣೆಯಿಂದ ಕೋಣೆಗೆ ಹೋದಳು. ಒಬ್ಬರಿಗೆ ಸೂಪು ಕುಡಿಸಿದಳು, ಇನ್ನೊಬ್ಬರ ಕೈ ಹಿಡಿದು ಕೂತಳು. ಕೊನೆಯ ಕೋಣೆ ಮಿಸ್ ಐರೀನ್‌ಳದು. ತೊಂಬತ್ತೊಂದರ ಮುದುಕಿ, ಹಿಂದೆ ದರ್ಜಿಯಾಗಿದ್ದವಳು.

“ಕೋಟು ಯಾಕೆ ಹಾಕ್ಕೊಂಡಿದೀಯ ಮಗಳೇ? ಚಳೀನಾ?”

“ಇವತ್ತು ಕೆಲಸಕ್ಕೆ ಬಂದಿಲ್ಲ ಮಿಸ್ ಐರೀನ್. ನಿಮ್ಮನ್ನ ನೋಡೋಕೆ ಬಂದಿದೀನಿ.”

ಮುದುಕಿ ಅವಳ ಮುಖ ನೋಡಿದಳು. ಆಮೇಲೆ ತಲೆಗೂದಲು ಸವರಿಕೊಂಡಳು.

“ನಾನಿಲ್ಲಿಗೆ ಬಂದು ನಾಲ್ಕು ವರ್ಷ. ನನ್ನ ನೋಡೋಕೆ ಅಂತ ಬಂದವಳು ನೀನೇ ಮೊದಲು.”

ನಾಲ್ಕು ವರ್ಷ ದಿನಾ ಅವಳ ತಲೆ ಬಾಚಿದ್ದವಳು ಡೆಲ್ಫೀನ್. ಅದು ಲೆಕ್ಕಕ್ಕೇ ಬಂದಿರಲಿಲ್ಲ. ಬೇಜಾರಾಯಿತು. ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು, ತಾನು ಬಂದಿರುವುದು ಅರವತ್ತೊಂದು ಡಾಲರಿನ ದೆಸೆಯಿಂದ ಎಂದು.

ಶುಕ್ರವಾರ ಸಹಿ ಹಾಕಿ ಹಾಕಿ ಬೆರಳು ಜೋಮು ಹಿಡಿಯಿತು. ಹಾಜರಿ ಸರಿಯಿದೆ ಎಂದರು ಹ್ಯಾಲೊರನ್. ಬೀಗದಕೈ ಸಿಕ್ಕಿತು. ಹೊಸ ಮನೆಯೊಳಗೆ ಮಗಳು ಜೂನಿ ತನಗೆ ಬೇಕಾದ ಕಿಟಕಿಯ ಮುಂದೆ ಹೋಗಿ ನಿಂತಳು. ಡೆಲ್ಫೀನ್ ಬರಿಯ ನೆಲದ ಮೇಲೆ ಉದ್ದಕ್ಕೆ ಮಲಗಿದಳು. ಸಂತೋಷಪಡಲೂ ತ್ರಾಣವಿರಲಿಲ್ಲ.

ಆಗ ಮಾರ್ಸೆಲ್ಲಾಳ ಫೋನ್ ಬಂತು. “ಐರೀನ್ ಬೆಳಿಗ್ಗೆಯಿಂದ ಲಿಪ್‌ಸ್ಟಿಕ್ ಹಾಕ್ಕೊಂಡು ಮುಂಬಾಗಿಲ ಹತ್ರ ಕೂತಿದ್ದಾಳೆ. ತನ್ನ ನೋಡೋಕೆ ಬರ್ತಾರೆ ಅಂತ ಎಲ್ಲರಿಗೂ ಹೇಳಿದ್ದಾಳೆ.”

ಡೆಲ್ಫೀನ್ ಫೋನಿಟ್ಟಳು. ಎದ್ದು, ಒದ್ದೆ ಆರದ ಬೂಟನ್ನೇ ಮತ್ತೆ ಮೆಟ್ಟಿಕೊಂಡಳು.

ವೃದ್ಧಾಶ್ರಮದ ಮುಂಬಾಗಿಲಲ್ಲಿ ಪುಸ್ತಕ ತೆರೆದೇ ಇತ್ತು. ಹೆಸರು ಬರೆದಳು. ವಿಳಾಸದ ಜಾಗಕ್ಕೆ ಬಂದಾಗ ಹಳೆಯದನ್ನೇ ಬರೆಯಲು ಹೋದ ಕೈ ನಿಂತಿತು. ಹೊಸ ಬಾಗಿಲ ಮೇಲಿನ ಸಂಖ್ಯೆಯನ್ನು ನೆನಪು ಮಾಡಿಕೊಂಡು, ತನ್ನ ಮನೆಯ ವಿಳಾಸವನ್ನು ಮೊದಲ ಸಲ ಬರೆದಳು. ಯಾರನ್ನು ನೋಡಲು ಎಂಬ ಜಾಗದಲ್ಲಿ ಈ ಸಲ ಒಬ್ಬಳದೇ ಹೆಸರು ಬರೆದಳು.