ಒಂದು ಪೆಟ್ಟಿಗೆ ಸಾಗ್ವಾ

ತಾಕ್ ಬೊರಾಮಳ ಮಾನ್ಹ್ವಾದ, ಅಂದರೆ ಕೊರಿಯನ್ ಚಿತ್ರಕಥೆಯ, ನಾಯಕ ಎಪ್ಪತ್ತು ಕಂತುಗಳಲ್ಲಿ ನಾಯಕಿಯ ಮುಂಗೈಯನ್ನು ಹತ್ತೊಂಬತ್ತು ಸಲ ಹಿಡಿದೆಳೆದಿದ್ದ; ಒಂದು ಸಲವೂ ತಪ್ಪಾಯಿತು ಅಂದಿರಲಿಲ್ಲ. ಅಷ್ಟು ಎತ್ತರದ, ಅಷ್ಟು ಶ್ರೀಮಂತ, ಮಳೆಯಲ್ಲಿ ನೆನೆದರೂ ಕೂದಲು ಕೆಡದ ಗಂಡಿಗೆ ಕ್ಷಮೆ ಕೇಳುವ ದರ್ದೇನು ಎಂಬುದು ಬೊರಾಮಳ ವಾದ. ಬಿದ್ದರೂ ಮೀಸೆ ಮಣ್ಣಾಗಬಾರದು. ಈ ಗುಣ ನಾಯಕನಿಗೆ ಎಲ್ಲಿಂದ ಬಂತು ಎಂದು ಕೇಳಬೇಡಿ. ಹೆತ್ತವಳಿಂದಲೇ ಬಂದದ್ದು.

ಅವಳ ಕೆಲಸದ ಕೋಣೆ ಬುಚೋನ್ ನಗರದಲ್ಲಿ, ಒಂದು ನೂಡಲ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಪ್ರತಿ ಗುರುವಾರ ಅಲ್ಲಿಂದ ಒಂದು ಕಂತು ಹೊರಟು ಓದುಗರ ಫೋನು ಸೇರಬೇಕು. ಕಥೆ ಬೊರಾಮಳದು, ಮನುಷ್ಯರ ಚಿತ್ರ ಅವಳದು. ಬಣ್ಣ ತುಂಬಲು ಮೂವರಿದ್ದರು. ಮನೆ, ಬೀದಿ, ಬಸ್ ನಿಲ್ದಾಣ, ಕಿಟಕಿ ಎಲ್ಲ ಪ್ಯೋ ಗಿಹ್ವಾನ್‌ನ ಪಾಲು. ನಾಲ್ಕು ವರ್ಷದಿಂದ ಅವನು ಅವಳ ಹಿನ್ನೆಲೆ ಚಿತ್ರಕಾರ. ಮೂರು ವರ್ಷದಿಂದ ಅವಳ ಪ್ರೇಮಿ.

ಎರಡು ವಾರದ ಹಿಂದೆ ಮಧ್ಯಾಹ್ನ ಊಟಕ್ಕೆ ಕೂತಾಗ ಗಿಹ್ವಾನ್ ಒಂದು ಮಾತು ಹೇಳಿದ್ದ.

"ಬೊರಾಮಾ, ಓದೋರು ಸುಮ್ನೆ ಗೆಣಸು ಗೆಣಸು ಅಂತ ಬೈತಿಲ್ಲ ಕಣೆ. ಅವ್ನು ಒಂದ್ಸಲ ಬಾಯ್ಬಿಟ್ಟು ಕ್ಷಮೆ ಕೇಳ್ಲಿ."

ಎದೆ ಕಟ್ಟಿಸಿ ಮುಂದೆ ಹೋಗದ ಕಥೆಗೆ ನಮ್ಮ ಕೊರಿಯಾದ ಓದುಗರು ಗೆಣಸು ಅನ್ನುತ್ತಾರೆ. ಒಣ ಗೆಣಸನ್ನು ನೀರಿಲ್ಲದೆ ನುಂಗಿದವರಿಗೆ ಬೇರೆ ವಿವರಣೆ ಬೇಡ. ಆ ಪದ ಕೇಳಿದ್ದೇ ಬೊರಾಮಳಿಗೆ ಮೈಯೆಲ್ಲ ಉರಿಯಿತು.

"ಗೋಡೆ ಬರಿಯೋನು ಗೋಡೆ ಬರ್ಕೊಂಡಿರು. ಮನುಷ್ಯರ ಉಸಾಬರಿ ನಿಂಗ್ಯಾಕೆ?"

ಜೊತೆಗೆ ಕೂತಿದ್ದ ಬಣ್ಣದ ಮೂವರ ಊಟದ ಕಡ್ಡಿಗಳೂ ಬಟ್ಟಲಿನ ಮೇಲೆಯೇ ನಿಂತವು. ಮಾತು ಆಡಿದರೆ ಹೋಯಿತು. ಗಿಹ್ವಾನ್ ತನ್ನ ಅನ್ನ ಮುಗಿಸಿ, ಬಟ್ಟಲು ತೊಳೆದಿಟ್ಟು, ಮೇಜಿಗೆ ಹೋಗಿ ಕೂತ. ಮರುದಿನ ಬೆಳಿಗ್ಗೆ ಬಂದವನು ಬಾಗಿಲಲ್ಲಿ ತಲೆ ಬಾಗಿಸಿ ಹೇಳಿದ:

"ನಮಸ್ಕಾರ ಲೇಖಕರೇ. ಹಿನ್ನೆಲೆ ಕಳಿಸಿದೀನಿ, ನೋಡ್ಕೊಳ್ಳಿ."

ನೀವು! ಮೂರು ವರ್ಷ ನೀನು, ಲೇ ಅಂದ ಬಾಯಿಂದ ನೀವು. ಜಗಳವಾಡಿದ್ದರೆ ಬೊರಾಮ್ ಎದುರು ಜಗಳವಾಡಿ ಗೆಲ್ಲುತ್ತಿದ್ದಳು. ಮರ್ಯಾದೆ ಕೊಡುವವನ ಜೊತೆ ಏನು ಮಾಡುವುದು? ಅವನು ತನ್ನನ್ನು ಬಿಟ್ಟು ಹೋಗುತ್ತಾನೆ ಎಂಬ ಹೆದರಿಕೆ ಅವತ್ತೇ ಹೊಕ್ಕಿತು.

ಆದರೂ ತಪ್ಪಾಯಿತು ಅನ್ನಲಿಲ್ಲ. ನಮ್ಮ ಕೊರಿಯನ್ ಮಾತಿನಲ್ಲಿ ಸೇಬಿಗೂ ಕ್ಷಮೆಗೂ ಒಂದೇ ಪದ, ಸಾಗ್ವಾ. ನಾಲಿಗೆ ಏಳದವರಿಗೆ ಇದೊಂದು ಅನುಕೂಲ. ಬೊರಾಮ್ ಚೊಂಗ್ಸೋಂಗ್‌ನ ಒಳ್ಳೆಯ ಸೇಬು ಒಂದು ಪೆಟ್ಟಿಗೆ ತರಿಸಿ ಗಿಹ್ವಾನ್‌ನ ಮೇಜಿನ ಪಕ್ಕ ಇಡಿಸಿದಳು. ಉಪಾಯ ಎಷ್ಟು ಹಿಡಿಸಿತೆಂದರೆ ಎಪ್ಪತ್ತೊಂದನೆಯ ಕಂತಿನಲ್ಲಿ ನಾಯಕನ ಕೈಯಿಂದಲೂ ನಾಯಕಿಯ ಮನೆಗೆ ಒಂದು ಲಾರಿ ಸೇಬು ಕಳಿಸಿದಳು. ನಾಯಕಿ ಕರಗಿ ನಕ್ಕಳು.

ಗುರುವಾರ ಕಂತು ಹೊರಟಿತು. ಬೊರಾಮ್ ಹೊಗಳಿಕೆ ಓದಲು ಫೋನು ತೆರೆದಳು.

"ಸೇಬು ಬಂತು, ಸಾಗ್ವಾ ಎಲ್ಲಿ?"

"ಲಾರಿ ತುಂಬ ಗೆಣಸು."

ಎಲ್ಲಕ್ಕಿಂತ ಮೇಲೆ, ಸಾವಿರಾರು ಜನ ಮೆಚ್ಚಿದ ಒಂದು ಮಾತಿತ್ತು: "ನಾಯಕಿ ನಗ್ತಿದ್ದಾಳೆ ಸರಿ, ಹಿಂದೆ ಗೋಡೆ ಹತ್ರ ನೋಡಿ. ಒಂದು ಪೆಟ್ಟಿಗೆ ಟೇಪೂ ಕಿತ್ತಿಲ್ಲ. ಈ ಮಾನ್ಹ್ವಾದಲ್ಲಿ ಪ್ರೀತಿ ಅಂದ್ರೇನು ಅಂತ ಗೊತ್ತಿರೋದು ಹಿನ್ನೆಲೆ ಬರೆಯೋರಿಗೆ ಮಾತ್ರ."

ಬೊರಾಮ್ ಚಿತ್ರವನ್ನು ದೊಡ್ಡದು ಮಾಡಿ ನೋಡಿದಳು. ಹೌದು, ಕೊನೆಯ ಚೌಕದವರೆಗೂ ಪೆಟ್ಟಿಗೆಗಳು ಮುಚ್ಚಿಯೇ ಇದ್ದವು. ಕಂತು ಕಳಿಸುವ ಮುಂಚೆ ಅವಳು ಗಮನಿಸಿರಲಿಲ್ಲ. ಗೋಡೆಗಳನ್ನು ಅವಳು ಯಾವತ್ತು ನೋಡಿದ್ದಳು? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡರಂತೆ. ತಲೆಯೆತ್ತಿ ಗಿಹ್ವಾನ್‌ನ ಮೇಜಿನತ್ತ ನೋಡಿದಳು. ಅಲ್ಲಿಯೂ ಟೇಪು ಹಾಗೇ ಇತ್ತು.

ಅಷ್ಟರಲ್ಲಿ ಸಂಪಾದಕಿ ಮಾ ಯೋನ್‌ಜು ಫೋನು ಮಾಡಿದಳು. "ನೋಡಮ್ಮ, ಮುಂದಿನ ಗುರುವಾರ ಆ ಮಹಾರಾಯ ನೆಟ್ಟಗೆ ಕ್ಷಮೆ ಕೇಳ್ದಿದ್ರೆ ನಿನ್ನ ಕಥೆ ಅಲ್ಲಿಗೇ ಮುಗೀತು. ಮೇಲಿನೋರು ಹೇಳ್ಬಿಟ್ಟಿದ್ದಾರೆ."

ಬೊರಾಮ್ ಮೂರು ದಿನ ಬರೆದಳು, ಹರಿದಳು. ನಾಯಕ ಪ್ರತಿಸಲ "ನನ್ನನ್ನು ಕ್ಷಮಿಸು" ಅನ್ನುತ್ತಿದ್ದ; ಮುಂದಿನ ಮಾತಿನ ಗುಳ್ಳೆಯಲ್ಲಿ "ಆದರೆ ನೀನೂ..." ಎಂದು ಶುರು ಮಾಡುತ್ತಿದ್ದ. ಸೋತು ಗಿಹ್ವಾನ್‌ನ ಹತ್ತಿರ ಹೋದಳು.

"ಅವ್ನು ಏನಂತ ಕೇಳ್ಬೇಕು?"

"ಗೋಡೆ ಬರಿಯೋನ್ನ ಕೇಳ್ತಿದೀರಲ್ಲ, ಲೇಖಕರೇ," ಎಂದ ಗಿಹ್ವಾನ್, ಕಿಟಕಿ ಬರೆಯುತ್ತಲೇ.

ಮಾರನೆಯ ದಿನ ಊಟದ ಹೊತ್ತಿಗೆ ಎಲ್ಲರೂ ಕೂತಿದ್ದಾಗ ಬೊರಾಮ್ ಎದ್ದು ನಿಂತಳು.

"ಪ್ಯೋ ಗಿಹ್ವಾನ್ ಅವರೇ," ಅಂದಳು. ಅವಳ ಬಾಯಲ್ಲೂ 'ಅವರೇ' ಕೇಳಿ ಬಣ್ಣದ ಮೂವರು ಅಗಿಯುವುದನ್ನು ಬಿಟ್ಟರು. "ಇದೇ ಮೇಜಲ್ಲಿ, ಇವರೆಲ್ಲರ ಎದುರಿಗೆ, ನಾನು ನಿಮ್ಮನ್ನ ಗೋಡೆ ಬರಿಯೋನು ಅಂದೆ. ನಿಮಗೆ ನೋವಾಗ್ಲಿ ಅಂತಾನೇ ಅಂದೆ. ನೀವು ಹೇಳಿದ್ದು ಸರಿಯಾಗಿತ್ತು, ಅದಕ್ಕೇ ನಂಗೆ ಉರೀತು. ನಾಲ್ಕು ವರ್ಷ ನಿಮ್ಮ ಗೋಡೆಗಳನ್ನ ಒಂದಿನಾನೂ ನೆಟ್ಟಗೆ ನೋಡ್ಲಿಲ್ಲ. ತಪ್ಪು ನಂದು."

ಗಂಟಲಿಗೆ 'ಆದರೆ' ಬಂತು. ಆದರೆ ನೀನೂ ಎಲ್ಲರೆದುರು ಹೇಳಬಾರದಿತ್ತು! ಅದು ಗೆಣಸಿಗಿಂತ ದೊಡ್ಡದಾಗಿತ್ತು. ಬೊರಾಮ್ ಅದನ್ನು ನುಂಗಿದಳು. ಸೊಂಟ ಬಾಗಿಸಿ ತಲೆ ತಗ್ಗಿಸಿದಳು.

ಗಿಹ್ವಾನ್ ಎದ್ದು ಪೆಟ್ಟಿಗೆಯ ಟೇಪನ್ನು ಸೀಳಿದ. ಸೇಬುಗಳ ಸಿಪ್ಪೆ ಸ್ವಲ್ಪ ಸುಕ್ಕಾಗಿತ್ತು. ಹೆಚ್ಚಿ ಎಲ್ಲರಿಗೂ ಕೊಟ್ಟ. ಅವಳ ಮುಂದೆಯೂ ತಟ್ಟೆ ಹಿಡಿದು, "ತಗೊಳ್ಳಿ," ಎಂದ. ಇನ್ನೂ ನೀವೇ. ಬೊರಾಮ್ ಎರಡೂ ಕೈಯಲ್ಲಿ ತೆಗೆದುಕೊಂಡಳು.

ಅವತ್ತು ಸಂಜೆಯೊಳಗೆ ಎಪ್ಪತ್ತೆರಡನೆಯ ಕಂತು ಸಿದ್ಧವಾಯಿತು. ನಾಯಕ ಬರಿಗೈಲಿ ಬಂದ. ಮುಂಗೈ ಹಿಡಿಯಲಿಲ್ಲ. ಮಾಡಿದ್ದನ್ನು ಒಂದೊಂದಾಗಿ ಹೆಸರಿಟ್ಟು ಹೇಳಿ ಸುಮ್ಮನೆ ನಿಂತ. ಆ ಚೌಕಕ್ಕೆ ಗಿಹ್ವಾನ್ ಹಿನ್ನೆಲೆಯನ್ನೇ ಬರೆಯಲಿಲ್ಲ.

"ಇಲ್ಲಿ ಗೋಡೆ ಬೇಡ, ಲೇಖಕರೇ. ಮನುಷ್ಯರು ಸಾಕು."

ಕಂತಿನ ಮೊದಲ ಪುಟದಲ್ಲಿ ಬೊರಾಮ್ ತನ್ನ ಹೆಸರಿನ ಪಕ್ಕಕ್ಕೆ, ಅಷ್ಟೇ ದೊಡ್ಡ ಅಕ್ಷರದಲ್ಲಿ, ಅವನ ಹೆಸರು ಸೇರಿಸಿದಳು.

ಗುರುವಾರ ಕಂತು ಹೊರಟ ಗಂಟೆಯೊಳಗೆ ಓದುಗರು ಮುಗಿಬಿದ್ದರು. "ಕಟ್ಟಿದ್ದ ಎದೆ ಬಿಟ್ಟಿತು!" "ಬಸ್ಸಲ್ಲಿ ಅಳ್ತಿದೀನಿ, ಎಲ್ರೂ ನೋಡ್ತಿದಾರೆ!" ಮಾ ಯೋನ್‌ಜು ಫೋನಿನಲ್ಲಿ ಕಿರುಚಿದಳು: "ಪ್ರಣಯದ ಪಟ್ಟಿಲಿ ಮೊದಲನೇದು ಕಣೇ! ಕಥೆ ನಿಲ್ಸಲ್ವಂತೆ! ಇನ್ನೊಂದು ವರ್ಷ ನಡೆಸು ಅಂತಿದಾರೆ!" ಬಣ್ಣದ ಮೂವರು ಕುರ್ಚಿ ಹತ್ತಿ ಕುಣಿದರು.

ಬಾಗಿಲು ತೆರೆಯಿತು. ಗಿಹ್ವಾನ್ ಒಳಗೆ ಬಂದ. ಕೈಯಲ್ಲಿ ಹಬೆಯಾಡುವ ಕಾಗದದ ಪೊಟ್ಟಣ, ಬೀದಿಯಲ್ಲಿ ಆಗತಾನೆ ಸುಟ್ಟದ್ದು.

"ಲೇ ಬೊರಾಮಾ, ಗೆಣಸು ತಿಂತೀಯಾ?"

ಅವಳ ಕಣ್ಣು ತುಂಬಿತು. "ಇನ್ನೊಂದ್ಸಲ ಕೇಳು."

"ಏನು, ಗೆಣಸಾ?"

"ಅಲ್ವೋ. 'ತಿಂತೀಯಾ' ಅಂದ್ಯಲ್ಲ, ಅದು."

ಗಿಹ್ವಾನ್ ನಕ್ಕು ಇನ್ನೊಂದು ಸಲ ಕೇಳಿದ. ಬೊರಾಮ್ ನೀರಿಲ್ಲದೆ ಎರಡು ಗೆಣಸು ತಿಂದಳು, ಎದೆ ಕಟ್ಟಲಿಲ್ಲ.