ಸೋತರೆ ಹಾಕಲೆಂದು ಬರೆದಿಟ್ಟ ವರದಿ

ಕ್ರೀಡಾಪುಟದ ಹಿರಿಯ ವರದಿಗಾರನಿಗೆ ಪದಗಳಿಗೇನು ಬರಗಾಲವೇ! ಅವನ ಕೈಯಲ್ಲಿ ಗೆದ್ದವರು ಎದುರಾಳಿಯನ್ನು 'ಧೂಳೀಪಟ' ಮಾಡುತ್ತಿದ್ದರು, ಸೋತವರು 'ಮಣ್ಣುಮುಕ್ಕುತ್ತಿದ್ದರು', ಚೆಂಡು 'ಬಲೆಯನ್ನು ಚುಂಬಿಸುತ್ತಿತ್ತು'. ಗೋಲು ಬಿಡದವನು 'ಗೋಡೆ'. ಒಬ್ಬ ಗೋಲ್‌ಕೀಪರನಿಗಂತೂ ಆ ಹೆಸರು ಎಷ್ಟು ಅಂಟಿಕೊಂಡಿತೆಂದರೆ, ಊರೆಲ್ಲ ಅವನನ್ನು ಗೋಡೆ ಎಂದೇ ಕರೆಯಿತು.

ಆ ಗೋಡೆಯ ಅಕ್ಕ ಒಂದು ಮಧ್ಯಾಹ್ನ ಕಚೇರಿಗೆ ಬಂದು, ಹಳೆಯ ಪುಟವೊಂದನ್ನು ವರದಿಗಾರನ ಮೇಜಿನ ಮೇಲೆ ಬಿಡಿಸಿಟ್ಟಳು. ಮಡಿಕೆಗಳಲ್ಲಿ ಹರಿದು, ಅಲ್ಲಲ್ಲಿ ಟೇಪು ಹಚ್ಚಿದ ಪುಟ. ಒಂಬತ್ತು ವರ್ಷದ ಹಿಂದಿನ ಫೈನಲ್. ತಲೆಬರಹ: 'ಕೊನೆಯ ಗಳಿಗೆಯಲ್ಲಿ ಕುಸಿದ ಗೋಡೆ'. ಬರೆದವನು ಅವನೇ.

"ಅವತ್ತು ನನ್ನ ತಮ್ಮನ ತಲೆಗೆ ಪೆಟ್ಟು ಬಿದ್ದು, ಹೊರಗೆ ಕರ್ಕೊಂಡು ಹೋಗಿದ್ರು ಸರ್. ಗೋಲು ಬಿಟ್ಟಿದ್ದು ಅವನ ಬದಲು ಬಂದವನು. ನಿಮಗೆ ಗೊತ್ತಾ?"

ಗೊತ್ತಿಲ್ಲದೆ ಏನು? ಪತ್ರಿಕೆ ಅಚ್ಚಿಗೆ ಹೋಗುವುದರೊಳಗೆ ಪಂದ್ಯ ಮುಗಿಯುವ ಲಕ್ಷಣ ಕಾಣದಿದ್ದರೆ, ಎರಡು ವರದಿ ಮೊದಲೇ ಬರೆದಿಡುವುದು ಅವರ ಪದ್ಧತಿ. ಗೆದ್ದರೆ ಒಂದು, ಸೋತರೆ ಒಂದು. ಅಂದು ದೂರದ ಊರಿನ ಪಂದ್ಯ, ಟಿವಿಯಲ್ಲೂ ಇರಲಿಲ್ಲ. ಫೋನಿನಲ್ಲಿ ಬಂದದ್ದು ಗೋಲುಗಳ ಲೆಕ್ಕ ಮಾತ್ರ. ಸೋತ ವರದಿಯಲ್ಲಿ ಅದನ್ನು ತುಂಬಿ ಕಳಿಸಿ, ಇವನು ಹಾಯಾಗಿ ಮನೆಗೆ ಹೋದ. ತಪ್ಪು ಮರುದಿನವೇ ತಿಳಿಯಿತು. ಆಟದ ಭಾಷೆಯನ್ನು ಯಾರು ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ ಬಿಡು ಎಂದು, ತಿದ್ದುಪಡಿ ಹಾಕದೆ ನುಂಗಿಕೊಂಡ. ನುಂಗಿದ್ದು ಕರಗಲಿಲ್ಲ. 'ಗೋಡೆ' ಎಂದು ಬರೆಯಹೋದಾಗಲೆಲ್ಲ ಬೆನ್ನ ಹಿಂದೆ ಯಾರೋ ನಿಂತು ಓದಿದ ಹಾಗಾಗಿ, ಆ ಪದವನ್ನೇ ಬಿಟ್ಟುಬಿಟ್ಟಿದ್ದ.

"ಪೆಟ್ಟು ಬಿದ್ದ ಮೇಲಿನದ್ದು ಅವನಿಗೆ ಒಂಚೂರೂ ನೆನಪಿಲ್ಲ," ಎಂದಳು ಅಕ್ಕ. "ಪೇಪರೇ ಅವನ ನೆನಪು. ಮೊದಮೊದಲು ಬೀದಿಯಲ್ಲಿ ಜನ ಆಡ್ಕೊಂಡು ನಗೋರು. ಈಗ ಜನ ಮರೆತ್ರು, ಇವನು ಮರೀಲಿಲ್ಲ. ಮನೆ ಬಿಟ್ಟು ಆಚೆ ಬರಲ್ಲ. ನಾವು ನಿಜ ಹೇಳಿದ್ರೆ ಕನಿಕರಕ್ಕೆ ಹೇಳ್ತೀರಿ ಅಂತಾನೆ. ನೀವೊಂದು ಮಾತು ಹೇಳಿ ಸರ್, ನನ್ನ ತಮ್ಮ ನನಗೆ ಸಿಗ್ತಾನೆ."

ವರದಿಗಾರ ಅವಳ ಜೊತೆ ಮನೆಗೆ ಹೋದ. ಮೂರು ಮಹಡಿ ಹತ್ತುವಷ್ಟರಲ್ಲಿ ಎರಡು ಸಲ ತಿರುಗಿ ನೋಡಿದ. ಹಿಂದೆ ಅಕ್ಕನ ಹೊರತು ಯಾರೂ ಇರಲಿಲ್ಲ.

ಗೋಡೆ ಕಿಟಕಿಗೆ ಬೆನ್ನು ಮಾಡಿ ಕೂತಿದ್ದ. ಆಳು ದೊಡ್ಡದು, ಮಾತು ಮೆತ್ತಗೆ. ವರದಿಗಾರ ಸುತ್ತಿಬಳಸದೆ ಹೇಳಿದ. "ನಾನು ಆ ಪಂದ್ಯ ನೋಡ್ಲೇ ಇಲ್ಲಪ್ಪ. ಅದು ಮೊದಲೇ ಬರೆದಿಟ್ಟಿದ್ದು. ಗೋಲಾದಾಗ ನೀನು ಮೈದಾನದಲ್ಲೇ ಇರ್ಲಿಲ್ಲ. ತಪ್ಪು ನಂದು, ಕ್ಷಮಿಸಿಬಿಡು."

ಗೋಡೆ ಬಲಗೈ ಚಾಚಿ ಬೆರಳು ತೋರಿಸಿ, ವರದಿಯ ಸಾಲೊಂದನ್ನು ಬಾಯಿಪಾಠ ಒಪ್ಪಿಸಿದ. "'ಚೆಂಡು ಬೆರಳ ತುದಿ ಸವರಿ ಬಲೆ ಸೇರಿತು.' ಈ ಎರಡು ಬೆರಳು ಸರ್. ಇನ್ನೂ ಉರಿಯುತ್ತೆ."

"ಅಯ್ಯೋ, ಆ ಸಾಲನ್ನ ನಾನು ನೂರು ಪಂದ್ಯಕ್ಕೆ ಬರ್ದಿದ್ದೀನಪ್ಪಾ!" ವರದಿಗಾರನ ದನಿ ಒಡೆಯಿತು. "ಅದು ನಮ್ಮ ರೂಢಿ ಮಾತು, ಅಷ್ಟೇ!"

ಬಾಗಿಲಲ್ಲಿ ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದಳು. ಗೋಡೆ ಎದ್ದುಬಂದು, ಅಳುವ ಮುದುಕನ ಹೆಗಲ ಮೇಲೆ ಆ ಬಲಗೈ ಇಟ್ಟ.

"ನೊಂದ್ಕೋಬೇಡಿ ಸರ್. ನೋಡದೇ ಇದ್ದೋರಿಗೆ ಅಷ್ಟು ಚೆನ್ನಾಗಿ ಬರೆಯೋಕಾಗುತ್ತಾ?"